ಪುನಃಪರೀಕ್ಷೆಯ ಧರ್ಮ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಕನ್ನಡಿಗರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು. ತನ್ನ ಕಣ್ಣೇ ಕಂಡುದನ್ನು ಕೂಡ ಇನ್ನೊಮ್ಮೆ ಪ್ರಮಾಣಿಸಬೇಕೆಂದ ಬಳಿಕ, ಮತ್ತೊಬ್ಬನು ಕಂಡೆನೆಂದು ಹೇಳಿದುದನ್ನು ಪರೀಕ್ಷಿಸದೆ ಒಪ್ಪುವುದು ಯುಕ್ತವಲ್ಲವೆಂದು ತೋರುವುದು ಸಹಜ. ಆದರೆ ಲೋಕವ್ಯವಹಾರವು ಹಾಗೆ ನಡೆಯುವುದಿಲ್ಲ. ವೈದ್ಯನು ಕೊಟ್ಟ ಮದ್ದನ್ನು ರೋಗಿಯು ಪರೀಕ್ಷಿಸಿ ಕುಡಿಯಲಾರನು. ಗುರುವು ಹೇಳಿದ ಲೆಕ್ಕವನ್ನು ಬಾಲಕನು ಮೊದಲು ನಂಬಿಯೇ ಕಲಿಯುವನು. ನಂಬಿಕೆಯಿಲ್ಲದೆ ಒಂದು ದಿನವೂ ಸಂಸಾರ ಸಾಗದು. ಹೀಗಿರಲು ವಿಜ್ಞಾನದ ಮಾತಿಗೆ ಮಾತ್ರ ಪರೀಕ್ಷೆ ಬೇಕೆನ್ನುವುದೇಕೆ? ಒಬ್ಬ ವಿದ್ವಾಂಸನು ವರ್ಷಗಟ್ಟಲೆ ಶ್ರಮಿಸಿ ಕಂಡುಕೊಂಡುದನ್ನು ಇನ್ನೊಬ್ಬನು ತಾನೂ ಮಾಡಿ ನೋಡುವೆನೆಂದರೆ ಅದು ಆ ವಿದ್ವಾಂಸನ ಮರ್ಯಾದೆಗೆ ಕುಂದಲ್ಲವೇ? ಈ ಪ್ರಶ್ನೆಯು ಪ್ರಯೋಗಶಾಲೆಯ ಗೋಡೆಗಳೊಳಗೆ ಮುಗಿಯತಕ್ಕುದಲ್ಲ. ಸತ್ಯವನ್ನು ಹೇಳುವವನಿಗೂ ಕೇಳುವವನಿಗೂ ಇರುವ ಸಂಬಂಧವೇನೆಂಬ ಧರ್ಮವಿಚಾರವು ಇದರಲ್ಲಿ ಅಡಗಿರುವುದು.

ಪಾಶ್ಚಾತ್ಯ ದೇಶಗಳಲ್ಲಿ ನವೀನ ವಿಜ್ಞಾನವು ತಲೆಯೆತ್ತಿದ ಕಾಲದಲ್ಲಿಯೇ ಈ ಪ್ರಶ್ನೆ ಹುಟ್ಟಿದ್ದಿತು. ೧೬೬೦ರಲ್ಲಿ ಲಂಡನ್ ನಗರದಲ್ಲಿ ಸ್ಥಾಪಿತವಾದ ರಾಯಲ್ ಸೊಸೈಟಿಯು, ಯಾರ ಮಾತನ್ನೂ ಮಾತೆಂಬ ಕಾರಣಕ್ಕೆ ಒಪ್ಪಕೂಡದೆಂಬ ಅರ್ಥದ ಲ್ಯಾಟಿನ್ ವಾಕ್ಯವನ್ನು ತನ್ನ ಧ್ಯೇಯವಾಗಿ ಇರಿಸಿಕೊಂಡಿತು. ಅದೇ ವರ್ಷ ರಾಬರ್ಟ್ ಬಾಯ್ಲನು ವಾಯುರೇಚಕ ಯಂತ್ರದಿಂದ ತಾನು ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದನು. ಅವನು ಫಲಗಳನ್ನು ಮಾತ್ರ ಹೇಳಿ ಸುಮ್ಮನಾಗಲಿಲ್ಲ. ಯಂತ್ರದ ರಚನೆ, ಕೆಲಸದ ಕ್ರಮ, ಕೈಗೂಡದೆ ಹೋದ ಪ್ರಯೋಗಗಳು ಇವೆಲ್ಲವನ್ನೂ ವಿಸ್ತಾರವಾಗಿ ಬರೆದನು. ದೂರದಲ್ಲಿರುವ ಓದುಗನು ತನ್ನ ಊರಿನಲ್ಲಿಯೇ ಆ ಕೆಲಸವನ್ನು ಮಾಡಿ ನೋಡಲು ಶಕ್ತನಾಗಬೇಕೆಂಬುದು ಅವನ ಉದ್ದೇಶ. ಫಲದೊಡನೆ ದಾರಿಯನ್ನೂ ಕೊಡುವ ಈ ಪದ್ಧತಿಯಿಂದಲೇ ವಿಜ್ಞಾನವು ಒಬ್ಬರ ಸೊತ್ತಾಗದೆ ಲೋಕದ ಸೊತ್ತಾಯಿತು.

ಆದರೆ ಧ್ಯೇಯವಾಕ್ಯವನ್ನು ಬರೆದಿಟ್ಟಷ್ಟು ಸುಲಭವಾಗಿ ಅದರಂತೆ ನಡೆಯಲಾಗದು. ಈ ಶತಮಾನದ ಆರಂಭದಿಂದ ವಿದ್ವಾಂಸರೇ ತಮ್ಮ ಮನೆಯ ಲೆಕ್ಕವನ್ನು ತಪಾಸಣೆಮಾಡತೊಡಗಿದರು. ೨೦೧೨ರಲ್ಲಿ ಆಮ್ಜೆನ್ ಎಂಬ ಔಷಧ ಸಂಸ್ಥೆಯ ಕೆಲಸಗಾರರು, ಕ್ಯಾನ್ಸರ್ ರೋಗವನ್ನು ಕುರಿತು ಹೆಸರಾಂತ ೫೩ ಸಂಶೋಧನೆಗಳನ್ನು ಮತ್ತೆ ಮಾಡಿ ನೋಡಿದುದರಲ್ಲಿ ೬ ಮಾತ್ರ ಸ್ಥಿರಪಟ್ಟವೆಂದು ತಿಳಿಸಿದರು. ೨೦೧೫ರಲ್ಲಿ ಮನಶ್ಶಾಸ್ತ್ರಜ್ಞರ ಒಂದು ದೊಡ್ಡ ಕೂಟವು ನೂರು ಪ್ರಕಟಿತ ಅಧ್ಯಯನಗಳನ್ನು ಪುನಃ ನಡೆಸಿತು. ಮೊದಲು ಅವುಗಳಲ್ಲಿ ನೂರಕ್ಕೆ ೯೭ರಷ್ಟು ಸಂಖ್ಯಾಶಾಸ್ತ್ರದ ಒರೆಗೆ ನಿಂತ ಫಲವನ್ನು ತೋರಿದ್ದುವು. ಎರಡನೆಯ ಸಲ ನೂರಕ್ಕೆ ೩೬ ಮಾತ್ರ ನಿಂತುವು. ೨೦೧೬ರಲ್ಲಿ ‘ನೇಚರ್’ ಪತ್ರಿಕೆಯು ೧,೫೭೬ ಮಂದಿ ಸಂಶೋಧಕರನ್ನು ವಿಚಾರಿಸಿದಾಗ, ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಇತರರ ಪ್ರಯೋಗವನ್ನು ಮತ್ತೆ ಮಾಡಲು ಹೋಗಿ ಸೋತಿದ್ದೆವೆಂದರು. ತಮ್ಮದೇ ಪ್ರಯೋಗ ಎರಡನೆಯ ಸಲ ಕೈಕೊಟ್ಟಿತೆಂದವರೂ ಅರ್ಧಕ್ಕಿಂತ ಹೆಚ್ಚು.

ಇದನ್ನು ಕೇಳಿದೊಡನೆ ವಿದ್ವಾಂಸರೆಲ್ಲ ವಂಚಕರೆಂದು ತಿಳಿಯುವುದು ಅವಿವೇಕ. ವಂಚನೆಯು ಇಲ್ಲದಿಲ್ಲ, ಆದರೆ ಬಹುಪಾಲು ದೋಷಕ್ಕೆ ಕಾರಣ ಬೇರೆ. ಅಡಿಕೆಯ ತೋಟದಲ್ಲಿ ಹತ್ತು ಮರಗಳಿಗೆ ಹೊಸ ಗೊಬ್ಬರವನ್ನು ಹಾಕಿದವನು, ಚೆನ್ನಾಗಿ ಫಲಿಸಿದ ಎರಡು ಮರಗಳ ಗೊನೆಗಳನ್ನು ನೆಂಟರಿಗೆ ತೋರಿಸಿ ಉಳಿದ ಎಂಟರ ಸುದ್ದಿಯನ್ನು ಎತ್ತದಿದ್ದರೆ, ಅವನು ಸುಳ್ಳಾಡಿದನೆಂದು ಹೇಳಲಾಗದು. ಸತ್ಯವನ್ನು ಹೇಳಿದನೆಂದೂ ಹೇಳಲಾಗದು. ಸಂಶೋಧಕನಿಗೂ ಹೀಗೆಯೇ ಆಗುವುದು. ಕಡಿಮೆ ಸಂಖ್ಯೆಯ ಉದಾಹರಣೆಗಳಿಂದ ದೊಡ್ಡ ಸಿದ್ಧಾಂತವನ್ನು ಕಟ್ಟುವುದು, ಲೆಕ್ಕವನ್ನು ಹತ್ತು ಬಗೆಯಾಗಿ ಮಾಡಿ ಮನಸ್ಸಿಗೆ ಒಪ್ಪಿದ ಒಂದನ್ನು ಮಾತ್ರ ಅಚ್ಚುಹಾಕಿಸುವುದು, ಫಲವನ್ನು ಕಂಡ ಬಳಿಕ ಇದನ್ನೇ ಮೊದಲು ಊಹಿಸಿದ್ದೆನೆಂದು ತನಗೆ ತಾನೇ ನಂಬಿಸಿಕೊಳ್ಳುವುದು, ಇವು ಸಜ್ಜನರಲ್ಲಿಯೂ ಕಾಣುವ ದೌರ್ಬಲ್ಯಗಳು. ಪದವಿಯೂ ಕೀರ್ತಿಯೂ ಹೊಸತನ್ನು ಮೊದಲು ಹೇಳಿದವನಿಗೇ ಸಲ್ಲುತ್ತಿರುವಾಗ ಈ ದೌರ್ಬಲ್ಯವು ಬೆಳೆಯುವುದು ಆಶ್ಚರ್ಯವಲ್ಲ.

ಜ್ಞಾನದ ಪ್ರಾಮಾಣ್ಯವು ಎಲ್ಲಿಂದ ಬರುವುದೆಂಬ ಚರ್ಚೆಯು ಭಾರತೀಯ ದರ್ಶನಗಳಿಗೆ ಹೊಸತಲ್ಲ. ಮೀಮಾಂಸಕರು ಜ್ಞಾನವು ಸ್ವತಃ ಪ್ರಮಾಣವೆಂದರು. ಬಾಧಕವು ಕಾಣುವವರೆಗೆ ಅದನ್ನು ನಂಬತಕ್ಕುದೆಂಬುದು ಅವರ ನಿಲುವು. ನೈಯಾಯಿಕರು ಇದಕ್ಕೆ ಒಪ್ಪಲಿಲ್ಲ. ದೂರದಲ್ಲಿ ನೀರಿನಂತೆ ಹೊಳೆಯುವುದು ನೀರೋ ಬಿಸಿಲ್ಗುದುರೆಯೋ ಎಂಬುದು ಆ ತೋರ್ಕೆಯಿಂದಲೇ ತೀರ್ಮಾನವಾಗದು. ಹತ್ತಿರ ಹೋಗಿ ಕುಡಿದಾಗ ಬಾಯಾರಿಕೆ ತೀರಿದರೆ ಅದು ನೀರೆಂದು ನಿಶ್ಚಯ. ಆದುದರಿಂದ ಪ್ರಾಮಾಣ್ಯವು ಪರತಃ, ಎಂದರೆ ಬೇರೊಂದು ಕಡೆಯಿಂದ ತಿಳಿಯತಕ್ಕುದು ಎಂದು ಅವರು ವಾದಿಸಿದರು. ಜೈನ ತಾರ್ಕಿಕರಾದ ಮಾಣಿಕ್ಯನಂದಿಗಳು ‘ಪರೀಕ್ಷಾಮುಖ’ದಲ್ಲಿ ಎರಡಕ್ಕೂ ಎಡೆಮಾಡಿಕೊಟ್ಟರು. ಬಳಕೆಯಿರುವ ವಿಷಯದಲ್ಲಿ ಜ್ಞಾನವು ಸ್ವತಃ ಪ್ರಮಾಣವಾಗುವುದು, ಬಳಕೆಯಿಲ್ಲದುದರಲ್ಲಿ ಪರತಃ ಎಂಬುದು ಅವರ ಸಂಪ್ರದಾಯದ ವಿವರಣೆ. ತನ್ನ ಊರಿನ ಕೆರೆಯಲ್ಲಿ ನೀರಿದೆಯೆಂಬುದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ. ಕಾಣದ ಊರಿನ ಕೆರೆಯ ಮಾತು ಬೇರೆ. ಸಂಶೋಧನೆಯೆಂಬುದು ಯಾವಾಗಲೂ ಕಾಣದ ಊರಿನ ಮಾತೇ ಆಗಿರುವುದರಿಂದ ಅದಕ್ಕೆ ಪರತಃ ಪ್ರಾಮಾಣ್ಯವೇ ಗತಿ.

ಶಬ್ದಪ್ರಮಾಣವನ್ನು ಒಪ್ಪಿದ ನ್ಯಾಯಶಾಸ್ತ್ರವು ಆಪ್ತನ ಲಕ್ಷಣವನ್ನು ಹೇಗೆ ಹೇಳಿತೆಂಬುದೂ ಗಮನಾರ್ಹ. ವಸ್ತುವನ್ನು ಸಾಕ್ಷಾತ್ತಾಗಿ ತಿಳಿದವನೂ ತಿಳಿದುದನ್ನು ತಿಳಿದಂತೆಯೇ ಹೇಳಬಯಸುವವನೂ ಆಪ್ತನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ವಾತ್ಸ್ಯಾಯನನ ಭಾಷ್ಯವು ಹೇಳುವುದು. ಕುಲ, ಪದವಿ, ಹೆಸರು ಇವು ಆಪ್ತತ್ವವನ್ನು ಕೊಡುವುದಿಲ್ಲ. ತಿಳಿದಂತೆಯೇ ಹೇಳುವುದೆಂದರೆ ತಿಳಿದ ಬಗೆಯನ್ನೂ ಬಚ್ಚಿಡದೆ ಹೇಳುವುದೆಂದು ಅರ್ಥಮಾಡಿಕೊಂಡರೆ, ಈ ಕಾಲದ ಸಂಶೋಧಕನ ಧರ್ಮವು ಆ ಮಾತಿನಲ್ಲಿಯೇ ದೊರೆಯುವುದು.

ಪುನಃಪರೀಕ್ಷೆಯು ಅವಮಾನವೆಂಬ ಶಂಕೆಗೆ ವಿಜ್ಞಾನದ ಚರಿತ್ರೆಯೇ ಸಮಾಧಾನ ಹೇಳಬಲ್ಲುದು. ೧೯೦೩ರಲ್ಲಿ ಫ್ರಾನ್ಸ್ ದೇಶದ ನಾನ್ಸಿ ನಗರದ ಬ್ಲಾಂಡ್ಲೋ ಎಂಬ ಗಣ್ಯ ಭೌತವಿಜ್ಞಾನಿಯು ‘ಎನ್ ಕಿರಣ’ಗಳೆಂಬ ಹೊಸ ಕಿರಣಗಳನ್ನು ಕಂಡೆನೆಂದನು. ಅವನ ನಾಡಿನ ಹಲವರು ತಾವೂ ಕಂಡೆವೆಂದರು. ಮರುವರ್ಷ ಅಮೆರಿಕದ ರಾಬರ್ಟ್ ವುಡ್ಡನು ಆ ಪ್ರಯೋಗಶಾಲೆಗೆ ಹೋಗಿ, ಕತ್ತಲೆಯಲ್ಲಿ ಯಾರಿಗೂ ತಿಳಿಯದಂತೆ ಯಂತ್ರದ ಮುಖ್ಯ ಪಟ್ಟಕವನ್ನು ತೆಗೆದಿಟ್ಟನು. ಆದರೂ ನೋಡುವವರಿಗೆ ಕಿರಣಗಳು ಮೊದಲಿನಂತೆಯೇ ಕಾಣುತ್ತಿದ್ದುವು. ಅಲ್ಲಿಗೆ ಎನ್ ಕಿರಣಗಳ ಕಥೆ ಮುಗಿಯಿತು. ಇಪ್ಪತ್ತನಾಲ್ಕು ವರ್ಷಗಳ ಬಳಿಕ, ೧೯೨೮ರ ಫೆಬ್ರುವರಿ ೨೮ರಂದು ಕಲ್ಕತ್ತೆಯಲ್ಲಿ ಸರ್ ಸಿ. ವಿ. ರಾಮನ್ನರು ಕೆ. ಎಸ್. ಕೃಷ್ಣನ್ನರ ಸಹಾಯದಿಂದ ಬೆಳಕಿನ ಚದರಿಕೆಯ ಹೊಸ ಧರ್ಮವನ್ನು ಕಂಡರು. ಅದನ್ನು ಬೇಗನೆ ತನ್ನ ಪ್ರಯೋಗಶಾಲೆಯಲ್ಲಿ ಮಾಡಿ ನೋಡಿ, ನಿಜವೆಂದು ‘ನೇಚರ್’ ಪತ್ರಿಕೆಗೆ ತಂತಿಯ ಮೂಲಕ ತಿಳಿಸಿದವನು ಅದೇ ವುಡ್ಡನು. ಮೂರು ವರ್ಷಗಳೊಳಗೆ ರಾಮನ್ನರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಕಲ್ಕತ್ತೆಯ ಮಾತನ್ನು ಲೋಕವು ಒಪ್ಪಿದುದು ಆ ಪರೀಕ್ಷೆಯ ದೆಸೆಯಿಂದ. ಒಂದನ್ನು ಕೆಡಹಿದ ಕೈಯೇ ಇನ್ನೊಂದನ್ನು ಎತ್ತಿ ನಿಲ್ಲಿಸಿತು. ಕೆಡಹಲು ಶಕ್ತಿಯಿಲ್ಲದ ಪರೀಕ್ಷೆಗೆ ಎತ್ತಿ ನಿಲ್ಲಿಸುವ ಶಕ್ತಿಯೂ ಇರದು.

ಇಂಥ ಪರೀಕ್ಷೆಯು ದೊಡ್ಡ ಪ್ರಯೋಗಶಾಲೆಗಳಿಗೆ ಮಾತ್ರ ಸಂಬಂಧಪಟ್ಟುದೆಂದು ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕೃಷಿಕರು ತಿಳಿಯಬೇಕಾಗಿಲ್ಲ. ಮಳೆಗಾಲದಲ್ಲಿ ಅಡಿಕೆಯ ಎಳೆಕಾಯಿಗಳನ್ನು ಉದುರಿಸುವ ಕೊಳೆರೋಗಕ್ಕೆ ಅವರು ಬಿಡುವ ಮದ್ದು ಬೋರ್ಡೋ ದ್ರಾವಣ. ಇದು ೧೮೮೫ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ ಮಿಲಾರ್ಡೆ ಎಂಬ ವಿದ್ವಾಂಸನು ಬಳಕೆಗೆ ತಂದ ಮದ್ದು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಕೊಳೆರೋಗದ ಕಾರಣವಾದ ಬೂಷ್ಟನ್ನು ಅಧ್ಯಯನಮಾಡಿ ೧೯೧೦ರಲ್ಲಿ ಪ್ರಕಟಿಸಿದರು. ಈ ಮದ್ದು ಅಡಿಕೆಗೂ ಆಗುವುದೆಂದು ತೋಟಗಳಲ್ಲಿ ತೋರಿಸಿಕೊಟ್ಟರು. ದ್ರಾಕ್ಷಿಯ ನಾಡಿನಲ್ಲಿ ಸತ್ಯವಾದುದು ಅಡಿಕೆಯ ನಾಡಿನಲ್ಲಿಯೂ ಸತ್ಯವೆಂಬುದು ಮಾಡಿ ನೋಡಿದ ಬಳಿಕವೇ ತಿಳಿದುದು.

ಆ ಮದ್ದಿನ ವಿಧಿಯನ್ನು ನೋಡಿದರೆ ಪುನಃಪ್ರಯೋಗದ ತತ್ತ್ವವೆಲ್ಲವೂ ಅದರಲ್ಲಿರುವುದು. ನೂರು ಲೀಟರ್ ಮದ್ದಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅವೆರಡನ್ನೂ ಬೇರೆಬೇರೆ ನೀರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಹೊಯ್ಯುವ ಕ್ರಮವನ್ನು ತಿರುಗಿಸಬಾರದು. ಲೋಹದ ಪಾತ್ರೆ ಕೂಡದು. ಮಾಡಿದ ದಿನವೇ ಬಿಡಬೇಕು. ಇವುಗಳಲ್ಲಿ ಒಂದನ್ನು ಬರೆಯದೆ ಬಿಟ್ಟರೂ ಒಂದು ತೋಟದಲ್ಲಿ ಫಲಿಸಿದ ಮದ್ದು ನೆರೆಯ ತೋಟದಲ್ಲಿ ಫಲಿಸದು. ಹಳೆಯ ಸುಣ್ಣವಾದರೆ ತೂಕ ಸರಿಯಿದ್ದರೂ ಗುಣ ಸರಿಯಿರದು. ಅದಕ್ಕಾಗಿ ಹಿರಿಯರು ಒಂದು ಪರೀಕ್ಷೆಯನ್ನೂ ಇಟ್ಟಿದ್ದಾರೆ: ಉಜ್ಜಿದ ಕಬ್ಬಿಣದ ಚೂರಿಯನ್ನು ಮದ್ದಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು, ಅದರ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕತಕ್ಕುದು. ಮದ್ದು ಮಾಡಿದವನು ಪಂಡಿತನೋ ಆಳೋ ಎಂದು ಚೂರಿಯು ವಿಚಾರಿಸುವುದಿಲ್ಲ. ಯಾರು ಅದ್ದಿದರೂ ಅದು ಒಂದೇ ಉತ್ತರವನ್ನು ಕೊಡುವುದು.

ಬಂಟವಾಳ ತಾಲ್ಲೂಕಿನ ವಿಟ್ಲದಲ್ಲಿ ೧೯೫೬ರಲ್ಲಿ ಅಡಿಕೆಯ ಸಂಶೋಧನಾಕೇಂದ್ರವು ಸ್ಥಾಪಿತವಾಯಿತು. ಇಂಥ ಕೇಂದ್ರಗಳಲ್ಲಿ ಒಂದು ಗೊಬ್ಬರವನ್ನೋ ತಳಿಯನ್ನೋ ಪರೀಕ್ಷಿಸುವಾಗ ಒಂದೇ ತಾಕಿನ ಫಲವನ್ನು ನಂಬುವುದಿಲ್ಲ. ಒಂದು ತಾಕಿನ ಮಣ್ಣು ಫಲವತ್ತಾಗಿರಬಹುದು, ಇನ್ನೊಂದಕ್ಕೆ ನೆರಳು ಬೀಳಬಹುದು. ಆದುದರಿಂದ ಅದೇ ಉಪಚಾರವನ್ನು ಹಲವು ತಾಕುಗಳಲ್ಲಿ, ಚೀಟಿಯೆತ್ತಿದಂತೆ ಹಂಚಿ ನಡೆಸಬೇಕೆಂದು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕ್ಷೇತ್ರದಲ್ಲಿ ಕೆಲಸಮಾಡಿದ ಫಿಷರನು ಕಳೆದ ಶತಮಾನದ ಮೊದಲ ಭಾಗದಲ್ಲಿಯೇ ವಿಧಿಸಿದನು. ಇಲ್ಲಿ ತಪ್ಪಿನ ಬೆಲೆ ಎಷ್ಟೆಂಬುದನ್ನು ಅಡಿಕೆಯ ಕೃಷಿಕನಿಗೆ ಹೇಳಿಕೊಡಬೇಕಾಗಿಲ್ಲ. ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷಗಳು ಬೇಕು; ಅರೆಬೆಂದ ಸಂಶೋಧನೆಯನ್ನು ನಂಬಿ ನೆಟ್ಟವನು ಕಳೆದುಕೊಳ್ಳುವುದು ಹಣವನ್ನು ಮಾತ್ರವಲ್ಲ, ಮರಳಿ ಬಾರದ ವರ್ಷಗಳನ್ನು.

ಕರ್ನಾಟಕದಲ್ಲಿಯೇ ನಡೆದ ಇನ್ನೊಂದು ಪ್ರಸಂಗವು ದಾರಿಯನ್ನು ತೆರೆದಿಡುವುದರ ಅಗತ್ಯವನ್ನು ತೋರಿಸುವುದು. ೨೦೧೮ರ ಜುಲೈಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು, ಚಿನ್ನದೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಸೇರಿಸಿದ ವಸ್ತುವು ೨೩೬ ಕೆಲ್ವಿನ್ ಉಷ್ಣತೆಯಲ್ಲಿ, ಎಂದರೆ ಸೊನ್ನೆಗಿಂತ ಸುಮಾರು ೩೭ ಡಿಗ್ರಿ ಸೆಲ್ಸಿಯಸ್ ಕೆಳಗೆ, ಅತಿವಾಹಕವಾಗುವುದೆಂದು ತಿಳಿಸಿದರು. ವಿದ್ಯುತ್ತು ಅಡ್ಡಿಯಿಲ್ಲದೆ ಹರಿಯುವ ಈ ಗುಣವು ಸಾಮಾನ್ಯ ಒತ್ತಡದಲ್ಲಿ ಇಷ್ಟು ಹೆಚ್ಚಿನ ಉಷ್ಣತೆಗೆ ದೊರೆತುದು ನಿಜವಾದರೆ ಲೋಕದ ಉದ್ಯಮಗಳ ಗತಿಯೇ ಬದಲಾಗುವುದು. ಕೆಲವೇ ವಾರಗಳಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಬ್ರಯನ್ ಸ್ಕಿನ್ನರ್ ಎಂಬವರು ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು. ಬೇರೆಬೇರೆಯಾಗಿ ಅಳೆದ ಎರಡು ಸಾಲಿನ ಅಂಕಿಗಳಲ್ಲಿ ಅಡ್ಡಾದಿಡ್ಡಿಯಾಗಿ ಇರಬೇಕಾದ ಸಣ್ಣ ಏರಿಳಿತಗಳು ಒಂದರ ಪಡಿಯಚ್ಚು ಇನ್ನೊಂದೆಂಬಂತೆ ಇದ್ದುವು. ಅಂಕಿಗಳನ್ನೂ ವಸ್ತುವಿನ ಮಾದರಿಗಳನ್ನೂ ಇತರರಿಗೆ ಕೊಡಬೇಕೆಂಬ ಬೇಡಿಕೆ ಎದ್ದಿತು. ಸಂಶೋಧಕರು ತಮ್ಮ ನಿಲುವನ್ನು ಬಿಡಲಿಲ್ಲ. ೨೦೧೯ರಲ್ಲಿ ಇನ್ನಷ್ಟು ಸಹೋದ್ಯೋಗಿಗಳೊಡನೆ ಲೇಖನವನ್ನು ವಿಸ್ತರಿಸಿ ಪ್ರಕಟಿಸಿದರು. ಆದರೂ ಆ ಪ್ರತಿಪಾದನೆಯು ಲೋಕಸಮ್ಮತವಾಗಲಿಲ್ಲ. ಯಾರ ಪ್ರಾಮಾಣಿಕತೆಯನ್ನೂ ಪ್ರಶ್ನಿಸದೆಯೇ ಇಷ್ಟು ಹೇಳಬಹುದು: ಬೇರೆ ಕೈಗಳಿಗೆ ದೊರೆಯದ ಸತ್ಯವು, ಸತ್ಯವೇ ಆಗಿದ್ದರೂ, ಲೋಕದ ಉಪಯೋಗಕ್ಕೆ ಬಾರದು.

ಇದರೊಡನೆ ೨೦೨೩ರ ಪ್ರಸಂಗವನ್ನು ಹೋಲಿಸಬೇಕು. ಆ ಜುಲೈಯಲ್ಲಿ ದಕ್ಷಿಣ ಕೊರಿಯದ ಕೆಲವು ಸಂಶೋಧಕರು ‘ಎಲ್‌ಕೆ ೯೯’ ಎಂಬ ವಸ್ತುವು ಸಾಮಾನ್ಯ ಉಷ್ಣತೆಯಲ್ಲಿಯೇ ಅತಿವಾಹಕವೆಂದು ಸಾರಿದರು. ಅದನ್ನು ಮಾಡುವ ವಿಧಿಯನ್ನೂ ಕೊಟ್ಟರು. ಸೀಸ, ತಾಮ್ರ, ರಂಜಕ ಮುಂತಾದ ಸುಲಭವಾಗಿ ದೊರೆಯುವ ವಸ್ತುಗಳಿಂದ ಅದನ್ನು ಯಾರೂ ಮಾಡಬಹುದಾಗಿದ್ದಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿದಂತೆ ನಾನಾ ದೇಶಗಳವರು ಮಾಡಿ ನೋಡಿದರು. ಅತಿವಾಹಕತೆಯು ಕಾಣಲಿಲ್ಲ. ತಾಮ್ರದ ಸಲ್ಫೈಡ್ ಎಂಬ ಬೆರಕೆಯಿಂದ ಆ ಭ್ರಾಂತಿ ಹುಟ್ಟಿದ್ದಿತೆಂದು ಆಗಸ್ಟ್ ತಿಂಗಳೊಳಗೆ ಗೊತ್ತಾಯಿತು. ಕೊರಿಯದವರ ತೀರ್ಮಾನವು ತಪ್ಪೆಂದು ಕಂಡುಬಂದರೂ ಅವರು ವಿಧಿಯನ್ನು ಕೊಟ್ಟುದರಿಂದ ತಪ್ಪು ವಾರಗಳಲ್ಲಿ ತೀರಿತು. ತಪ್ಪುವುದು ಮನುಷ್ಯಧರ್ಮ, ತಪ್ಪನ್ನು ಇತರರು ತಿದ್ದಲು ಎಡೆಕೊಡುವುದು ವಿದ್ವದ್ಧರ್ಮ.

ದಾರಿಯನ್ನು ತೆರೆದಿಟ್ಟು ಹತ್ತು ಜನರು ಒಂದೇ ಮಾತನ್ನು ಹೇಳಿದರೆ ಸಾಕೆ? ಸಾಲದೆಂಬುದಕ್ಕೆ ಮೂಡಬಿದಿರೆಯ ಓಲೆಗಳ ಚರಿತ್ರೆಯಷ್ಟು ಚೆನ್ನಾದ ನಿದರ್ಶನವು ದುರ್ಲಭ. ‘ಷಟ್ಖಂಡಾಗಮ’ಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ‘ಧವಲಾ’ ಟೀಕೆಯು, ಅದರ ಒಡನಾಡಿಗಳಾದ ಇತರ ಸಿದ್ಧಾಂತಗ್ರಂಥಗಳೊಡನೆ, ಹಳೆಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದುಬಂದಿದ್ದಿತು. ಅದು ಕೇವಲ ಧರ್ಮಗ್ರಂಥವಲ್ಲ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬ ‘ಅರ್ಧಚ್ಛೇದ’ದಂತಹ ಗಣಿತವಿಚಾರಗಳೂ ಅದರಲ್ಲಿವೆ. ಹದಿನಾರರ ಅರ್ಧಚ್ಛೇದವು ನಾಲ್ಕು. ಲಕ್ನೋ ವಿಶ್ವವಿದ್ಯಾಲಯದ ಗಣಿತಾಚಾರ್ಯ ಅವಧೇಶ ನಾರಾಯಣ ಸಿಂಹರು ಧವಲೆಯ ಗಣಿತವನ್ನು ಕುರಿತು ಬರೆದ ಬಳಿಕ ಇದು ವಿದ್ವಲ್ಲೋಕಕ್ಕೆ ತಿಳಿಯಿತು.

ಶತಮಾನಗಳವರೆಗೆ ಈ ಓಲೆಗಳು ದರ್ಶನದ ವಸ್ತುಗಳಾಗಿದ್ದುವೇ ಹೊರತು ಓದುವ ವಸ್ತುಗಳಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ನಕಲುಮಾಡುವ ಕೆಲಸ ಆರಂಭವಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ನಡೆಯಿತು. ಆ ನಕಲು ಹೊರಗೆ ಹೋಗತಕ್ಕುದಾಗಿರಲಿಲ್ಲ. ಆದರೆ ಕೆಲಸದಲ್ಲಿದ್ದ ಪಂಡಿತರೊಬ್ಬರು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು. ಅದು ಉತ್ತರದ ಸಹಾರಣಪುರಕ್ಕೆ ಸೇರಿತು. ಅಲ್ಲಿಂದ ನಕಲಿನ ನಕಲುಗಳು ಹೊರಟು ಆರಾ, ಕಾರಂಜಾ, ಅಮರಾವತಿ ಮುಂತಾದ ಊರುಗಳನ್ನು ಮುಟ್ಟಿದುವು. ಅಮರಾವತಿಯಲ್ಲಿದ್ದ ಪ್ರಾಧ್ಯಾಪಕ ಹೀರಾಲಾಲ ಜೈನರು ಈ ಪ್ರತಿಗಳನ್ನು ಆಧಾರವಾಗಿಟ್ಟುಕೊಂಡು ೧೯೩೯ರಲ್ಲಿ ಮೊದಲನೆಯ ಸಂಪುಟವನ್ನು ಹೊರತಂದರು. ಸುಮಾರು ಎರಡು ದಶಕಗಳಲ್ಲಿ ಹದಿನಾರು ಸಂಪುಟಗಳಾಗಿ ಆ ಮಹಾಕಾರ್ಯವು ಮುಗಿಯಿತು.

ಮೊದಲನೆಯ ಖಂಡದ ೯೩ನೆಯ ಸೂತ್ರದಲ್ಲಿ ಒಂದು ತೊಡಕು ಉಂಟಾಯಿತು. ಅರ್ಥವನ್ನು ನೋಡಿದರೆ ಅಲ್ಲಿ ‘ಸಂಜದ’, ಎಂದರೆ ಸಂಯತ, ಎಂಬ ಪದವು ಇರಬೇಕೆಂದು ಸಂಪಾದಕರಿಗೆ ತೋರಿತು. ಕೈಯಲ್ಲಿದ್ದ ಪ್ರತಿಗಳಲ್ಲಿ ಅದು ಇರಲಿಲ್ಲ. ಸ್ತ್ರೀಯರಿಗೆ ಆಧ್ಯಾತ್ಮಿಕ ಸೋಪಾನದಲ್ಲಿ ಎಷ್ಟು ಎತ್ತರದವರೆಗೆ ಅಧಿಕಾರವುಂಟೆಂಬ ಗಹನವಾದ ಪ್ರಶ್ನೆ ಆ ಒಂದು ಪದಕ್ಕೆ ತಗುಲಿಕೊಂಡಿದ್ದುದರಿಂದ ಪಂಡಿತರಲ್ಲಿ ದೊಡ್ಡ ವಿವಾದವೇ ನಡೆಯಿತು. ಪ್ರತಿಗಳ ಸಾಕ್ಷ್ಯವನ್ನು ಎಣಿಸಿದರೆ ಪದವಿಲ್ಲವೆನ್ನುವವರ ಪಕ್ಷವೇ ಬಲವಾದುದು. ಆದರೆ ಆ ಪ್ರತಿಗಳೆಲ್ಲವೂ ಒಂದೇ ತಾಯಿಯ ಮಕ್ಕಳು. ತಾಯಿಪ್ರತಿಯಲ್ಲಿ ಬಿಟ್ಟುಹೋದುದು ಮಕ್ಕಳೆಲ್ಲರಲ್ಲಿಯೂ ಬಿಟ್ಟುಹೋಗಿದ್ದಿತು. ಅವುಗಳ ಒಮ್ಮತವು ಅನೇಕರ ಸಾಕ್ಷ್ಯವಲ್ಲ, ಒಬ್ಬನ ಸಾಕ್ಷ್ಯದ ಪ್ರತಿಧ್ವನಿ. ಮುಂದೆ ಮೂಡಬಿದಿರೆಯ ಭಟ್ಟಾರಕರೂ ಬಸದಿಯ ಪ್ರಮುಖರೂ ಮೂಲದೊಡನೆ ಪಾಠಗಳನ್ನು ಹೋಲಿಸಲು ಅನುಮತಿಕೊಟ್ಟರು. ಓಲೆಯನ್ನು ತೆರೆದು ನೋಡಿದಾಗ ಆ ಪದವು ಅಲ್ಲಿ ಇದ್ದಿತು.

ವಿಜ್ಞಾನದ ಪುನಃಪರೀಕ್ಷೆಗೆ ಇದರಿಂದ ಎರಡು ಪಾಠಗಳು ದೊರೆಯುವುವು. ಒಬ್ಬನ ಅಂಕಿಗಳನ್ನು ತೆಗೆದುಕೊಂಡು ಅದೇ ಲೆಕ್ಕವನ್ನು ಮತ್ತೆ ಮಾಡುವುದು ಪ್ರತಿಯನ್ನು ಪ್ರತಿಯೊಡನೆ ಹೋಲಿಸಿದಂತೆ. ಅದರಿಂದ ಕೈತಪ್ಪುಗಳು ಗೊತ್ತಾಗುವುವು, ಅಷ್ಟರಮಟ್ಟಿಗೆ ಅದು ಅವಶ್ಯ. ಹೊಸದಾಗಿ ಪ್ರಯೋಗವನ್ನೇ ನಡೆಸುವುದು ಮೂಲದ ಓಲೆಯನ್ನು ತೆರೆದಂತೆ. ವಿಜ್ಞಾನಕ್ಕೆ ಪ್ರಕೃತಿಯೇ ಮೂಲದ ಓಲೆ. ಒಂದೇ ಗುರುವಿನ ಶಿಷ್ಯರು, ಒಂದೇ ಯಂತ್ರದಿಂದ, ಒಂದೇ ಫಲವನ್ನು ಬಯಸಿ ಮಾಡಿದ ಹತ್ತು ಪ್ರಯೋಗಗಳಿಗಿಂತ, ಸಂಬಂಧವಿಲ್ಲದ ಒಬ್ಬನು ಬೇರೆ ಊರಿನಲ್ಲಿ ಮಾಡಿದ ಒಂದು ಪ್ರಯೋಗಕ್ಕೆ ತೂಕ ಹೆಚ್ಚು. ಇದು ಮೊದಲನೆಯ ಪಾಠ. ಎರಡನೆಯದು ಕಾಪಾಡಿದವರ ವಿಷಯ. ಬಸದಿಯವರು ಅಷ್ಟು ಶತಮಾನಗಳ ಕಾಲ ಮಳೆಯಿಂದಲೂ ಗೆದ್ದಲಿನಿಂದಲೂ ಓಲೆಗಳನ್ನು ರಕ್ಷಿಸದಿದ್ದರೆ ಹೋಲಿಸುವುದಕ್ಕೆ ಮೂಲವೇ ಇರುತ್ತಿರಲಿಲ್ಲ. ಅವರು ತೆರೆಯದಿದ್ದರೆ ಮೂಲವಿದ್ದೂ ಪ್ರಯೋಜನವಿರುತ್ತಿರಲಿಲ್ಲ. ಕಾಪಾಡುವುದು ಮತ್ತು ತೆರೆದು ತೋರುವುದು ಒಂದಕ್ಕೊಂದು ವಿರೋಧವಲ್ಲ, ಒಂದೇ ಧರ್ಮದ ಎರಡು ಅಂಗಗಳು. ಅಂಕಿಗಳನ್ನು ಬರೆದ ಪುಸ್ತಕವನ್ನು ಕಳೆದುಕೊಂಡ ಸಂಶೋಧಕನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಸಂಶೋಧಕನೂ ಲೋಕಕ್ಕೆ ಸಮನಾದ ನಷ್ಟವನ್ನು ಮಾಡುವರು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಎಲ್ಲವನ್ನೂ ಮತ್ತೆ ಮಾಡಿ ನೋಡಲಾಗದು. ಬಂಟವಾಳವನ್ನು ಮುಳುಗಿಸಿದ ೧೯೨೩ರ ಮತ್ತು ೧೯೭೪ರ ನೇತ್ರಾವತಿಯ ನೆರೆಗಳನ್ನಾಗಲಿ, ೨೦೧೯ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ತಪ್ಪಲಿನಲ್ಲಿ ಕುಸಿದ ಗುಡ್ಡಗಳನ್ನಾಗಲಿ ಯಾರೂ ಮರಳಿ ತರಿಸಿ ಪರೀಕ್ಷಿಸಲಾರರು, ತರಿಸಬಯಸರು. ಹಾಗಾದರೆ ಅಂಥ ವಿಷಯಗಳಲ್ಲಿ ವಿಜ್ಞಾನವಿಲ್ಲವೇ? ಇದೆ. ಘಟನೆಯು ಮರಳದಿದ್ದರೂ ಅದರ ದಾಖಲೆಯು ಮತ್ತೆ ಮತ್ತೆ ಓದಲು ದೊರೆಯಬೇಕು. ಹವಾಮಾನ ಇಲಾಖೆಯ ಕ್ರಮದಂತ�� ಮಳೆಯನ್ನು ಬೆಳಗ್ಗೆ ಎಂಟೂವರೆ ಗಂಟೆಗೆ ಅಳೆಯುವುದು. ಬೆಳ್ತಂಗಡಿಯಲ್ಲಿ ಆ ಹೊತ್ತಿಗೂ ಬಂಟವಾಳದಲ್ಲಿ ಸಂಜೆಗೂ ಅಳೆದರೆ, ಮೇಲೆ ಸುರಿದ ಮಳೆಯು ಕೆಳಗೆ ಹೊಳೆಯನ್ನು ಎಷ್ಟು ಹೊತ್ತಿಗೆ ಏರಿಸಿತೆಂಬ ಲೆಕ್ಕವು ಎಂದಿಗೂ ಹೊಂದದು. ಸಮಾನವಾದ ಅಳತೆ, ಸಮಾನವಾದ ವೇಳೆ, ಅಳಿಸದೆ ತಿದ್ದದೆ ಇಟ್ಟ ಪುಸ್ತಕ, ಇವಿದ್ದರೆ ಮರಳಿ ಬಾರದ ಘಟನೆಗೂ ಪುನಃಪರೀಕ್ಷೆ ಸಾಧ್ಯ. ಇವಿಲ್ಲದಿದ್ದರೆ ಉಳಿಯುವುದು ನೆನಪು. ನೆನಪಿನ ನೆರೆಯು ವರ್ಷ ಕಳೆದಂತೆ ಏರುವುದೂ ಉಂಟು, ಇಳಿಯುವುದೂ ಉಂಟು.

ಈ ತತ್ತ್ವಗಳನ್ನು ನಿಯಮಗಳಾಗಿ ಮಾಡುವ ಯತ್ನಗಳು ಎಲ್ಲೆಡೆ ನಡೆಯುತ್ತಿವೆ. ರೋಗಿಗಳ ಮೇಲೆ ಮದ್ದಿನ ಪ್ರಯೋಗ ಮಾಡುವವರು ಏನನ್ನು, ಎಷ್ಟು ಜನರಲ್ಲಿ, ಹೇಗೆ ಅಳೆಯುವೆವೆಂಬುದನ್ನು ಮೊದಲೇ ಬಹಿರಂಗವಾಗಿ ಬರೆಸಬೇಕೆಂಬುದು ಅವುಗಳಲ್ಲಿ ಮುಖ್ಯವಾದುದು. ಭಾರತದಲ್ಲಿ ಇಂಥ ನೋಂದಣಿಯು ೨೦೦೭ರ ಜುಲೈಯಲ್ಲಿ ಆರಂಭವಾಗಿ ೨೦೦೯ರ ಜೂನ್ ೧೫ರಿಂದ ಕಡ್ಡಾಯವಾಯಿತು. ಬಾಣ ಬಿಟ್ಟ ಬಳಿಕ ಅದು ನಾಟಿದ ಕಡೆ ಗುರಿಯನ್ನು ಬರೆಯುವ ಉಪಾಯಕ್ಕೆ ಇದರಿಂದ ತಡೆಯಾಗುವುದು. ಫಲವು ತಿಳಿಯುವುದಕ್ಕೆ ಮೊದಲೇ, ಪ್ರಶ್ನೆ ಮತ್ತು ವಿಧಾನಗಳ ಯೋಗ್ಯತೆಯನ್ನು ನೋಡಿ ಲೇಖನವನ್ನು ಒಪ್ಪಿಕೊಳ್ಳುವ ಪತ್ರಿಕೆಗಳೂ ೨೦೧೩ರಿಂದ ಈಚೆಗೆ ಬಂದಿವೆ. ಅಂಥಲ್ಲಿ ‘ಇಲ್ಲ’ವೆಂಬ ಉತ್ತರಕ್ಕೂ ‘ಉಂಟು’ ಎಂಬ ಉತ್ತರದಷ್ಟೇ ಸ್ಥಾನ. ಅಂಕಿಗಳನ್ನೂ ಲೆಕ್ಕದ ಕ್ರಮವನ್ನೂ ಎಲ್ಲರಿಗೂ ದೊರೆಯುವಂತೆ ಇರಿಸುವ ಭಂಡಾರಗಳು ಮೂರನೆಯವು.

ಆದರೆ ನಿಯಮವು ಮನೋಧರ್ಮವನ್ನು ಹುಟ್ಟಿಸಲಾರದು. ಇನ್ನೊಬ್ಬನ ಪ್ರಯೋಗವನ್ನು ಮತ್ತೆ ಮಾಡಿ ನೋಡುವವನಿಗೆ ಇಂದಿಗೂ ಹಣವೂ ಕಡಿಮೆ, ಹೆಸರೂ ಕಡಿಮೆ. ಆ ಕೆಲಸವು ಓಲೆಯ ಪಾಠಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಪಂಡಿತನ ಕೆಲಸದಂತೆ ನೀರಸ. ಅದಿಲ್ಲದೆ ಗ್ರಂಥವೇ ನಿಲ್ಲದು. ವಿಶ್ವವಿದ್ಯಾಲಯಗಳು ಹೊಸ ಲೇಖನಗಳ ಸಂಖ್ಯೆಯನ್ನು ಎಣಿಸಿ ಪದವಿಯನ್ನು ಕೊಡುವವರೆಗೆ ತರುಣ ಸಂಶೋಧಕನು ಅವಸರಪಡುವುದನ್ನು ನಿಂದಿಸಿ ಫಲವಿಲ್ಲ. ದೃಢಪಡಿಸಿದವನಿಗೂ, ತನ್ನ ತಪ್ಪನ್ನು ತಾನೇ ಪ್ರಕಟಿಸಿ ಲೇಖನವನ್ನು ಹಿಂದಕ್ಕೆ ತೆಗೆದುಕೊಂಡವನಿಗೂ ವಿದ್ವತ್ಸಭೆಯಲ್ಲಿ ಗೌರವ ದೊರೆಯುವ ಕಾಲವು ಬಂದಾಗ ಈ ಸುಧಾರಣೆಯು ಬೇರುಬಿಟ್ಟಿತೆಂದು ಹೇಳಬಹುದು.

ವಿದ್ಯಾವಂತ ಕುಟುಂಬಗಳಿಗೂ ಇದರಲ್ಲಿ ಭಾಗವುಂಟು. ಇಂಥ ಆಹಾರದಿಂದ ಇಂಥ ರೋಗವು ಗುಣವಾಗುವುದೆಂದೂ, ಇಂಥ ಗೊಬ್ಬರದಿಂದ ಫಸಲು ಇಮ್ಮಡಿಯಾಗುವುದೆಂದೂ ದಿನಪತ್ರಿಕೆಗಳಲ್ಲಿ ಸುದ್ದಿ ಬರುವುದು. ಅದನ್ನು ಕೂಡಲೆ ನಂಬುವುದೂ ಬೇಡ, ವಿಜ್ಞಾನವೆಲ್ಲ ಹೀಗೆಯೇ ಎಂದು ತಳ್ಳಿಬಿಡುವುದೂ ಬೇಡ. ಎಷ್ಟು ಜನರಲ್ಲಿ ನೋಡಿದರು, ಬೇರೆಯವರು ಬೇರೆ ಕಡೆ ನೋಡಿದರೇ, ನೋಡಿದವರಿಗೆ ಅದರಿಂದ ಲಾಭವುಂಟೇ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವು ಮಕ್ಕಳಿಗೆ ಮನೆಯಲ್ಲಿಯೇ ಬರಬಹುದು. ಹಲವು ಸಲ ಒರೆಹಚ್ಚಿದ ಮದ್ದನ್ನು ಅನುಮಾನಿಸಿ ಒಮ್ಮೆಯೂ ಒರೆಹಚ್ಚದ ಮದ್ದನ್ನು ನಂಬುವ ವಿಪರೀತವು ಎಷ್ಟೋ ಮನೆಗಳಲ್ಲಿ ದುಃಖಕ್ಕೆ ಕಾರಣವಾಗಿರುವುದು.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರವನ್ನು ಹೇಳಬಹುದು. ಮತ್ತೆ ಮಾಡಿ ನೋಡುವೆನೆಂಬುದು ವಿದ್ವಾಂಸನಿಗೆ ಅವಮಾನವಲ್ಲ. ಅವನ ಮಾತು ತನಗೂ ಬೇಕಾದಷ್ಟು ಬೆಲೆಯುಳ್ಳುದೆಂದು ಕೇಳುವವನು ಒಪ್ಪಿದಂತೆ. ಮಾಡಿ ನೋಡಲು ಬೇಕಾದುದೆಲ್ಲವನ್ನೂ ಕೊಡುವುದು ವಿದ್ವಾಂಸನ ಔದಾರ್ಯವಲ್ಲ; ಅದು ಅವನು ತೀರಿಸಬೇಕಾದ ಋಣ. ಪರರು ಕೊಟ್ಟ ವಿಧಿಗಳ ಮೇಲೆ ನಿಂತು ತಾನು ಕೆಲಸಮಾಡಿದವನು ತನ್ನ ವಿಧಿಯನ್ನು ಮುಂದಿನವರಿಗೆ ಒಪ್ಪಿಸದೆ ಹೋದರೆ ಆ ಋಣವು ಉಳಿದೇ ಹೋಗುವುದು. ನಂಬಿಕೆಯು ಸಂಸಾರಕ್ಕೆ ಬೇಕು, ವಿಜ್ಞಾನಕ್ಕೂ ಬೇಕು. ಆದರೆ ವಿಜ್ಞಾನದಲ್ಲಿ ನಂಬಿಕೆಗೆ ಪಾತ್ರನಾಗುವವನು, ಯಾರು ಬೇಕಾದರೂ ಬಂದು ಚೂರಿಯನ್ನು ಅದ್ದಿ ನೋಡಲಿ ಎಂದು ಮದ್ದಿನ ಪಾತ್ರೆಯನ್ನು ತೆರೆದಿಟ್ಟವನು.